ಗದ್ದದ ಮೊಡವೆಗೆ ಮನೆಯಲ್ಲೇ ಹಿತವಾದ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಹೈಸ್ಕೂಲಿನಲ್ಲಿದ್ದಾಗ ಮುಖದ ಮೇಲೆ ಒಂದು ಮೊಡವೆಯೂ ಇರಲಿಲ್ಲ. ಈಗ ಎರಡು ವರ್ಷಗಳಿಂದ ಪ್ರತಿ ತಿಂಗಳೂ ಮುಟ್ಟಿಗೆ ಒಂದು ವಾರ ಇದೆ ಎನ್ನುವಾಗ ಗದ್ದದ ಮೇಲೆ, ದವಡೆಯ ಅಂಚಿನಲ್ಲಿ ನೋಯುವ ಗಂಟುಗಳು ಏಳುತ್ತವೆ. ಅವು ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಡಲೆಹಿಟ್ಟು, ಅರಿಸಿನ, ನಿಂಬೆರಸ ಕಲಸಿ ದಿನವೂ ಹಚ್ಚಿ ತಿಕ್ಕಿ ತೊಳೆಯುತ್ತಿದ್ದೇನೆ. ಉರಿಯುತ್ತದೆ, ಉರಿದರೇ ಗುಣ ಎಂದು ಮನೆಯವರು ಹೇಳುತ್ತಾರೆ. ಚರ್ಮಕ್ಕೆ ಹಿತವಾದ ಮನೆಯ ಆರೈಕೆಯನ್ನು ತಿಳಿಸಿಕೊಡಿ.
— ಹೆಸರು ಬೇಡ, ದಾವಣಗೆರೆ

ಉತ್ತರ: ಆ ಲೇಪವನ್ನು ದಯವಿಟ್ಟು ಇಂದೇ ನಿಲ್ಲಿಸಿ. ಉರಿಯುತ್ತಿದೆ ಎಂದರೆ ಚರ್ಮದ ಹೊರಪದರಕ್ಕೆ ಪೆಟ್ಟಾಗುತ್ತಿದೆ ಎಂದೇ ತಿಳಿಯಬೇಕು. ಆರೋಗ್ಯವಾಗಿರುವ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು, ಅದರ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) ಸುಮಾರು 5 ಇರುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿದೆ, ಕೆಲವರು ಹಚ್ಚುವ ಅಡುಗೆ ಸೋಡಾದ್ದು 8ನ್ನೂ ದಾಟುತ್ತದೆ. ಎರಡೂ ಆ ರಕ್ಷಣಾ ಪದರವನ್ನು ಕೆಡಿಸುತ್ತವೆ. ಅಷ್ಟೇ ಅಲ್ಲದೆ, ನಿಂಬೆ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಹೊಸ ಕಲೆಗಳೇ ಮೂಡಬಹುದು. ನಮ್ಮಂಥ ಕಂದು ಬಣ್ಣದ ಚರ್ಮ ಎಲ್ಲಿ ಕೆರಳಿದರೂ ಅಲ್ಲಿ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ಹೋಗದ ನಿಮ್ಮ ಕಲೆಗಳಲ್ಲಿ ಮೊಡವೆಯ ಪಾಲು ಎಷ್ಟಿದೆಯೋ ದಿನನಿತ್ಯದ ತಿಕ್ಕಾಟದ ಪಾಲೂ ಅಷ್ಟೇ ಇದ್ದರೆ ಆಶ್ಚರ್ಯವಿಲ್ಲ.

ನೀವು ವಿವರಿಸಿರುವ ಜಾಗ ಮತ್ತು ಸಮಯ ಎರಡೂ ಹಾರ್ಮೋನಿನ ಮೊಡವೆಯ ಕಡೆಗೇ ಬೆರಳು ತೋರಿಸುತ್ತವೆ. ಗಂಡಸರಲ್ಲಿ ಹೆಚ್ಚಾಗಿದ್ದು, ಹೆಂಗಸರ ದೇಹದಲ್ಲೂ ಸ್ವಲ್ಪ ಪ್ರಮಾಣದಲ್ಲಿರುವ ಆಂಡ್ರೋಜೆನ್ ಹಾರ್ಮೋನುಗಳು ಚರ್ಮದ ತೈಲಗ್ರಂಥಿಗಳಿಂದ ಹೆಚ್ಚು ಜಿಡ್ಡು ಸುರಿಯುವಂತೆ ಮಾಡುತ್ತವೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಇಳಿಯುವುದರಿಂದ ಅವುಗಳ ಪ್ರಭಾವ ಮೇಲುಗೈಯಾಗುತ್ತದೆ. ಜಿಡ್ಡು ಮತ್ತು ಸತ್ತ ಕಣಗಳು ಸೇರಿ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊತ ಬರುತ್ತದೆ. ಅಂದರೆ ಮೂಲ ಒಳಗಿದೆ. ಮೇಲೆ ಹಚ್ಚುವ ಯಾವ ಅಡುಗೆಮನೆಯ ಪದಾರ್ಥವೂ ಹಾರ್ಮೋನನ್ನು ತಿದ್ದಲಾರದು. ಚರ್ಮವನ್ನು ಕೆರಳಿಸದೆ ಕಾಪಾಡುವುದು, ಊತವನ್ನು ತುಸು ತಗ್ಗಿಸುವುದು, ಕಲೆ ಗಾಢವಾಗದಂತೆ ನೋಡಿಕೊಳ್ಳುವುದು, ಇಷ್ಟು ಮನೆಯ ಆರೈಕೆಯಿಂದ ಸಾಧ್ಯ. ಇದು ಚಿಕ್ಕ ಕೆಲಸವೇನಲ್ಲ.

ಬೆಳಿಗ್ಗೆ ಮತ್ತು ರಾತ್ರಿ ಎರಡೇ ಬಾರಿ ಮುಖ ತೊಳೆಯಿರಿ. ಸಾಬೂನಿನಂಶವಿಲ್ಲದ ಸೌಮ್ಯ ಕ್ಲೆನ್ಸರ್ ಸಿಕ್ಕರೆ ಅದೇ ಮೇಲು. ಮನೆಯದ್ದೇ ಬೇಕೆನಿಸಿದರೆ ತೆಳುಬಟ್ಟೆಯಲ್ಲಿ ಜರಡಿ ಹಿಡಿದ ನುಣ್ಣನೆಯ ಹೆಸರುಹಿಟ್ಟನ್ನು ಒಂದು ಚಮಚ ತೆಗೆದುಕೊಂಡು, ಅಂಬಲಿಯಷ್ಟು ತೆಳ್ಳಗೆ ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದುಬಿಡಿ. ಲೇಪ ಮುಖದ ಮೇಲೆ ಒಣಗಿ ಬಿರಿಯುವವರೆಗೆ ಕಾಯಬಾರದು, ತಿಕ್ಕಿ ಉದುರಿಸಲೂಬಾರದು. ಗಂಟು ನೋಯುತ್ತಿದ್ದರೆ ಮಂಜುಗಡ್ಡೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಒಂದು ನಿಮಿಷ ಒತ್ತಿಹಿಡಿದರೆ ನೋವು, ಊತ ಎರಡೂ ಇಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಮನೆಮದ್ದುಗಳಲ್ಲೆಲ್ಲ ಇದೇ ಅತ್ಯಂತ ನಿರಪಾಯಕಾರಿ.

ಲೋಳೆಸರವನ್ನು ಹೇಗೆ ಬಳಸಬೇಕೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹಲವರು ಎಲೆಯನ್ನು ಮುರಿದು ಹಾಗೆಯೇ ಮುಖಕ್ಕೆ ಉಜ್ಜಿಕೊಳ್ಳುತ್ತಾರೆ. ಸಿಪ್ಪೆಯ ಕೆಳಗೆ ಕಹಿಯಾದ ಹಳದಿ ಸೊನೆ ಇರುತ್ತದೆ. ತುರಿಕೆಯನ್ನೂ ದದ್ದನ್ನೂ ತರುವುದು ಬಹುಪಾಲು ಅದೇ. ಬಲಿತ ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗಿರುವಂತೆ ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿದರೆ ಸೊನೆ ಇಳಿದು ತಳದಲ್ಲಿ ನಿಲ್ಲುತ್ತದೆ. ಆಮೇಲೆ ತೊಳೆದು, ಮುಳ್ಳಿನ ಅಂಚುಗಳನ್ನೂ ಸಿಪ್ಪೆಯನ್ನೂ ಹೆರೆದು, ಮತ್ತೊಮ್ಮೆ ತೊಳೆದು, ಗಾಜಿನಂತೆ ತಿಳಿಯಾಗಿರುವ ತಿರುಳನ್ನಷ್ಟೇ ತೆಗೆದುಕೊಳ್ಳಿ. ಮೊದಲ ಸಲ ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಮಾತ್ರ ಮುಖಕ್ಕೆ. ಮಾಡಿದ ದಿನವೇ ಬಳಸಿ ಮುಗಿಸಿ. ಜೇನುತುಪ್ಪವನ್ನೂ ಇದೇ ರೀತಿ ಪರೀಕ್ಷಿಸಿ ಮೊಡವೆಯ ಮೇಲೆ ಹತ್ತು ನಿಮಿಷ ಹಚ್ಚಬಹುದು, ಉಪಕಾರ ಸಾಧಾರಣ. ಅಡುಗೆಯ ಅರಿಸಿನ ಬೇಡ: ಅದರ ಬಣ್ಣ ಚರ್ಮದಲ್ಲಿ ನಿಲ್ಲುತ್ತದೆ, ಪುಡಿಯಲ್ಲಿ ಕೃತಕ ಬಣ್ಣದ ಕಲಬೆರಕೆಯ ಭಯವೂ ಇದೆ. ಬೆಳ್ಳುಳ್ಳಿ, ದಾಲ್ಚಿನ್ನಿ, ಟೂತ್‌ಪೇಸ್ಟ್ ಇವನ್ನು ಹತ್ತಿರಕ್ಕೂ ತರಬೇಡಿ.

ಜಿಡ್ಡಿನ ಮುಖಕ್ಕೂ ತೇವಾಂಶ ಬೇಕು. ಎಣ್ಣೆಯಿಲ್ಲದ ತೆಳುವಾದ ಮಾಯಿಶ್ಚರೈಸರ್ ಹಚ್ಚಿ. ಕಲೆಗಳ ವಿಷಯದಲ್ಲಿ ಎಸ್‌ಪಿಎಫ್ 30 ಅಥವಾ ಅದಕ್ಕೆ ಮೇಲಿನ ಸನ್‌ಸ್ಕ್ರೀನ್ ಮಾಡುವಷ್ಟು ಕೆಲಸವನ್ನು ಯಾವ ಲೇಪವೂ ಮಾಡದು, ಇದನ್ನು ಮಾತ್ರ ಮನೆಯಲ್ಲಿ ತಯಾರಿಸಲು ಹೋಗಬೇಡಿ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಅಷ್ಟರೊಳಗೆ ಹೊಸ ಗಂಟುಗಳು ಕಡಿಮೆಯಾಗದಿದ್ದರೆ, ಅಥವಾ ಗುಳಿ ಬೀಳುತ್ತಿದ್ದರೆ ಆಗಲೇ, ಚರ್ಮತಜ್ಞರನ್ನು ಕಾಣಿರಿ. ಬೆನ್ಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಮುಲಾಮುಗಳೂ ಅಗತ್ಯಬಿದ್ದರೆ ಹಾರ್ಮೋನಿನ ಮೇಲೆಯೇ ಕೆಲಸ ಮಾಡುವ ಮಾತ್ರೆಗಳೂ ಇವೆ. ಮುಟ್ಟು 35 ದಿನಕ್ಕಿಂತ ಮುಂದೆ ಹೋಗುತ್ತಿದ್ದರೆ, ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ, ನೆತ್ತಿಯ ಕೂದಲು ತೆಳುವಾಗುತ್ತಿದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊಬ್ಬರಿಎಣ್ಣೆಯೇ. ಮೊಡವೆಗೂ ಹಚ್ಚಬಹುದೇ?
— ಕುಂದಾಪುರದ ಓದುಗರು

ಉತ್ತರ: ಮೊಡವೆ ಏಳುವ ಮುಖಕ್ಕೆ ಬೇಡ. ಅದು ರಂಧ್ರಗಳನ್ನು ಕಟ್ಟಿಸುವ ಸ್ವಭಾವದ ಎಣ್ಣೆ. ಕೈಕಾಲಿನ ಒಣಚರ್ಮಕ್ಕೆ ಧಾರಾಳವಾಗಿ ಬಳಸಿ. ತಲೆಗೆ ಹಚ್ಚಿದರೆ ಹಣೆಗೆ ಇಳಿಯದಂತೆ ಒರೆಸಿಕೊಂಡು, ಅದೇ ದಿನ ತೊಳೆದುಕೊಳ್ಳಿ, ದಿಂಬಿನ ಹೊದಿಕೆಯನ್ನೂ ಬದಲಿಸಿ.

ಪ್ರಶ್ನೆ: ಪುದೀನ ಚಹಾ ಕುಡಿದರೆ ಹಾರ್ಮೋನಿನ ಮೊಡವೆ ಹೋಗುತ್ತದೆಯೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪುದೀನ ಜಾತಿಯ ಸ್ಪಿಯರ್‌ಮಿಂಟ್ ಚಹಾವನ್ನು ದಿನಕ್ಕೆ ಎರಡು ಬಾರಿಯಂತೆ 30 ದಿನ ಕುಡಿದ ಪಿಸಿಓಎಸ್ ಮಹಿಳೆಯರಲ್ಲಿ ಆಂಡ್ರೋಜೆನ್‌ಗಳಲ್ಲೊಂದಾದ ಟೆಸ್ಟೊಸ್ಟೆರೋನ್ ಇಳಿದದ್ದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕಂಡುಬಂದಿದೆ, ಆದರೆ ಅದೇ ಹಾರ್ಮೋನಿನಿಂದ ಹೆಚ್ಚುವ ಅವರ ಮೈಕೂದಲು ವೈದ್ಯರ ಅಳತೆಯಲ್ಲಿ ಕಡಿಮೆಯಾಗಿರಲಿಲ್ಲ. ರುಚಿಗಾಗಿ ಕುಡಿಯಿರಿ, ಚಿಕಿತ್ಸೆಯೆಂದು ನೆಚ್ಚಿಕೊಳ್ಳಬೇಡಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ನಿತ್ಯ ಕುಡಿಯುವುದು ಸರಿಯಲ್ಲ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬನ್ನು ಮನೆಮದ್ದಿನ ಜೊತೆ ಹಚ್ಚುತ್ತಿದ್ದೆ. ಮೊದಲು ಮುಖ ಬೆಳ್ಳಗೆ, ನುಣ್ಣಗೆ ಆಯಿತು. ಈಗ ಒಂದು ದಿನ ಬಿಟ್ಟರೂ ಕೆಂಪಗಾಗಿ ಮೊಡವೆ ಮುತ್ತಿಕೊಳ್ಳುತ್ತದೆ.
— ಹೆಸರು ಬೇಡ, ಕಲಬುರಗಿ

ಉತ್ತರ: ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅಥವಾ ಮೊಮೆಟಾಸೋನ್ ಎಂದು ಬರೆದಿದೆಯೇ ನೋಡಿ. ಇವು ಸ್ಟೀರಾಯ್ಡ್ ಔಷಧಗಳು, ನೀವು ಹೇಳುವ ಲಕ್ಷಣಗಳು ಸ್ಟೀರಾಯ್ಡ್ ಮುಲಾಮಿನದ್ದೇ. ಇವು ಚರ್ಮವನ್ನು ತೆಳುವಾಗಿಸುತ್ತವೆ, ತಾವೇ ಮೊಡವೆ ತರುತ್ತವೆ. ಇಂಥವನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿಗೊಳಿಸಿದೆ. ಹಠಾತ್ತಾಗಿ ಬಿಟ್ಟರೆ ಮುಖ ಇನ್ನಷ್ಟು ಕೆರಳಬಹುದಾದ್ದರಿಂದ, ಟ್ಯೂಬನ್ನು ಜೊತೆಯಲ್ಲೇ ಹಿಡಿದುಕೊಂಡು ಈ ವಾರದೊಳಗೆ ಚರ್ಮತಜ್ಞರಲ್ಲಿಗೆ ಹೋಗಿ. ಹಂತಹಂತವಾಗಿ ಬಿಡಿಸುವ ಕ್ರಮವನ್ನು ಅವರು ಹೇಳುತ್ತಾರೆ. ಅಲ್ಲಿಯವರೆಗೆ ಲೇಪ, ಬ್ಲೀಚ್, ಹಬೆ ಯಾವುದೂ ಬೇಡ, ಬರಿಯ ನೀರು ಮತ್ತು ಸೌಮ್ಯ ಮಾಯಿಶ್ಚರೈಸರ್ ಸಾಕು.