ಉಳಿಸಿಕೊಳ್ಳೋದಾ, ಬಿಟ್ಟುಬಿಡೋದಾ?

ಪ್ರಶ್ನೆ: ಮೇಡಂ, ನಾನೂ ನನ್ನ ಮಗನೂ ಎರಡು ವಾರದಿಂದ ದಿನಾ ರಾತ್ರಿ ಊಟದ ಹೊತ್ತಿಗೆ ಜಗಳ ಆಡುತ್ತಿದ್ದೇವೆ. ನಮ್ಮದು ಎನ್‌ಎಚ್‌ಎಲ್ ತಂಡ, ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್‌ನದು. ಹೆಸರು ಬರೆಯುವುದಿಲ್ಲ, ನೀವು ಮಿನ್ನೆಸೋಟದ ಕಡೆಯವರು, ಪಕ್ಷಪಾತ ಮಾಡುತ್ತೀರಿ. ನಮ್ಮ ದೊಡ್ಡ ವಿಂಗರ್‌ಗೆ, ಅಂದರೆ ಅಂಚಿನಲ್ಲಿ ಆಡಿ ಗೋಲು ತರುವವನಿಗೆ, ಈಗ 29. ಬರುವ ಜುಲೈ 1ಕ್ಕೆ ಒಪ್ಪಂದ ಮುಗಿದು ಫ್ರೀ ಏಜೆಂಟ್ ಆಗುತ್ತಾನೆ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಕೇಳಿದಷ್ಟು ಕೊಟ್ಟು ಉಳಿಸಿಕೊಳ್ಳಬೇಕು ಅನ್ನುತ್ತಾನೆ ಮಗ. ಈಗಲೇ ಬೇರೆ ತಂಡಕ್ಕೆ ಟ್ರೇಡ್ ಮಾಡಿ ಡ್ರಾಫ್ಟ್ ಪಿಕ್, ಅಂದರೆ ಹೊಸ ಹುಡುಗರನ್ನು ಆರಿಸುವ ಸರದಿ, ತಗೊಳ್ಳಲಿ ಅನ್ನೋದು ನನ್ನ ವಾದ. ಯಾರು ಸರಿ?
— ಸೋಲೊಪ್ಪದ ಅಪ್ಪ

ಉತ್ತರ: ಸ್ವಾಮಿ, ಪಕ್ಷಪಾತದ ಮಾತು ನಿಜ. ನಾನು ಮಿನ್ನೆಸೋಟ ವೈಲ್ಡ್ ತಂಡದ ಅಭಿಮಾನಿಯೇ. ಆದರೆ ಈ ಒಂದು ವಿಷಯದಲ್ಲಿ ನಮ್ಮಷ್ಟು ಪೆಟ್ಟು ತಿಂದವರು ಕಡಿಮೆ. ಹಾಗಾಗಿ ಉತ್ತರ ಹೇಳುವ ಹಕ್ಕು ನನಗೆ ಒಂಚೂರು ಜಾಸ್ತಿಯೇ ಇದೆ.

2012ರ ಜುಲೈ 4, ಇಲ್ಲಿ ಸ್ವಾತಂತ್ರ್ಯ ದಿನದ ರಜೆ. ಅವತ್ತು ವೈಲ್ಡ್ ಇಬ್ಬರನ್ನು ಒಟ್ಟಿಗೆ ಕರೆತಂದಿತು: ವಿಂಗರ್ ಜ್ಯಾಕ್ ಪರೀಸೆ, ಡಿಫೆನ್ಸ್‌ನ ರಯಾನ್ ಸೂಟರ್. ಇಬ್ಬರಿಗೂ 13 ವರ್ಷದ ಒಪ್ಪಂದ, ತಲಾ 9.8 ಕೋಟಿ ಡಾಲರ್. ಪರೀಸೆ ಈ ಊರಿನವನೇ. ಅವನಪ್ಪ ಇಲ್ಲಿನ ಹಳೇ ನಾರ್ತ್ ಸ್ಟಾರ್ಸ್ ತಂಡಕ್ಕೆ ಆಡಿದವರು. ನಮ್ಮ ಹುಡುಗ ಮನೆಗೆ ಬಂದ ಅಂತ ಎಲ್ಲರೂ ಕುಣಿದಾಡಿದೆವು. ನಾನು ಕೆಲಸದ ಉದ್ದಕ್ಕೂ ಲೆಕ್ಕಪತ್ರ ನೋಡಿದವಳು. ಒಪ್ಪಂದ ಮುಗಿಯುವಾಗ ಅವನಿಗೆ 40 ಆಗಿರುತ್ತೆ ಅನ್ನುವ ಸಣ್ಣ ಕೂಡುವ ಲೆಕ್ಕ ಅವತ್ತು ನಾನೂ ಮಾಡಲಿಲ್ಲ.

ಪರೀಸೆ ಸೋಮಾರಿ ಆಗಿರಲಿಲ್ಲ, ಅದನ್ನು ಹೇಳಲೇಬೇಕು. ನಮ್ಮ ಸೀಟು ತೀರಾ ಮೇಲಿನ ಸಾಲಿನಲ್ಲಿ. ಅಲ್ಲಿಂದಲೂ ಅವನು ಎಲ್ಲಿದ್ದಾನೆ ಅಂತ ಹುಡುಕಬೇಕಾಗಿರಲಿಲ್ಲ. ಎದುರಾಳಿ ಗೋಲ್‌ಕೀಪರ್‌ನ ಮೂಗಿನ ಮುಂದೆ ನಿಂತಿರುತ್ತಿದ್ದ. ಅಷ್ಟೇನೂ ದೊಡ್ಡ ಆಳಲ್ಲ. ಹಿಂದಿನಿಂದ ಡಿಫೆನ್ಸ್‌ನವನು ಸ್ಟಿಕ್ ಅಡ್ಡ ಹಿಡಿದು ಸೊಂಟಕ್ಕೆ ತಿವಿಯುತ್ತಿದ್ದ. ಇವನು ಒಂದಡಿ ಸರಿದು ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದ. ಮತ್ತೆ ತಿವಿತ, ಮತ್ತೆ ವಾಪಸ್. ಗೋಲ್‌ಕೀಪರ್‌ಗೆ ಬಡಿದು ಹಿಂದೆ ಬಂದ ಪಕ್ ಅನ್ನು, ಅಂದರೆ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆಯನ್ನು, ಒಳಗೆ ತಳ್ಳೋದೇ ಅವನ ಕಸುಬು. ಹಾಗೆ ಆಡುವವನ ಬೆನ್ನು ಎಷ್ಟು ವರ್ಷ ತಡೆದೀತು? 2017ರಲ್ಲಿ ಬೆನ್ನಿಗೆ ಆಪರೇಷನ್ ಆಯಿತು. 2021ರ ಜುಲೈನಲ್ಲಿ ತಂಡ ಅವನನ್ನೂ ಸೂಟರ್‌ನನ್ನೂ ಒಂದೇ ದಿನ ಬೈಔಟ್ ಮಾಡಿ, ಅಂದರೆ ಬಾಕಿ ಹಣದ ಒಂದು ಪಾಲು ಕೊಡುವುದಾಗಿ ಒಪ್ಪಂದ ಮುಗಿಸಿ, ಕಳಿಸಿತು. ಇಬ್ಬರೂ ಇದ್ದಷ್ಟು ವರ್ಷ ನಾವು ಪ್ಲೇಆಫ್‌ನ, ಅಂದರೆ ಸೀಸನ್ ಕೊನೆಯ ನಾಕೌಟ್ ಸರಣಿಗಳ, ಎರಡನೇ ಸುತ್ತು ದಾಟಲಿಲ್ಲ.

ಕಳಿಸಿದರೆ ಮುಗಿಯಿತು ಅಂದುಕೊಂಡಿರಾ? ಎನ್‌ಎಚ್‌ಎಲ್‌ನಲ್ಲಿ ಸ್ಯಾಲರಿ ಕ್ಯಾಪ್ ಇದೆ, ಅಂದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ. ಎಷ್ಟೇ ಶ್ರೀಮಂತ ಮಾಲೀಕನಾದರೂ ಆಟಗಾರರ ಮೇಲೆ ಅದಕ್ಕಿಂತ ಜಾಸ್ತಿ ಸುರಿಯುವ ಹಾಗಿಲ್ಲ. ಬೈಔಟ್ ಮಾಡಿದರೂ ಆ ಇಬ್ಬರ ಲೆಕ್ಕ ಕ್ಯಾಪಿನೊಳಗೇ ಕೂತಿತ್ತು. 2023-24 ಮತ್ತು 2024-25ರಲ್ಲಿ ಇಬ್ಬರದೂ ಸೇರಿ ಸೀಸನ್‌ಗೆ ಸುಮಾರು 1.47 ಕೋಟಿ ಡಾಲರ್. ಆಗ ಕ್ಯಾಪ್ ಇದ್ದದ್ದು 8.35 ಕೋಟಿ, ಆಮೇಲೆ 8.8 ಕೋಟಿ. ಅಂದರೆ ಸುಮಾರು ಆರರಲ್ಲಿ ಒಂದು ಪಾಲು, ತಂಡದಲ್ಲೇ ಇಲ್ಲದವರಿಗೆ! ಅದೇ ವರ್ಷಗಳಲ್ಲಿ ನಮ್ಮಲ್ಲಿ ಕಿರಿಲ್ ಕಪ್ರಿಜೋವ್ ಇದ್ದ. 2021-22ರಲ್ಲೇ ಗೋಲು, ಗೋಲಿಗೆ ಕೊಟ್ಟ ಪಾಸ್ ಎಲ್ಲ ಸೇರಿ 108 ಪಾಯಿಂಟ್ ಮಾಡಿದ ಹುಡುಗ. ಅವನ ಪಕ್ಕಕ್ಕೆ ಒಬ್ಬ ಒಳ್ಳೇ ಸೆಂಟರ್, ಅಂದರೆ ನಡುವೆ ಆಡುವವನನ್ನು, ತರೋಣ ಅಂದರೆ ದುಡ್ಡಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಹಾಗಾಯಿತು ನಮ್ಮ ಕತೆ.

ಇಷ್ಟು ಕೇಳಿ ನಿಮಗೆ ಖುಷಿ ಆಗಿರಬಹುದು. ತಡೀರಿ.

ಇಷ್ಟೆಲ್ಲ ಅನುಭವಿಸಿದ ಮೇಲೂ, 2025ರ ಸೆಪ್ಟೆಂಬರ್ ಕೊನೆಗೆ ಅದೇ ವೈಲ್ಡ್ ಕಪ್ರಿಜೋವ್‌ಗೆ 8 ವರ್ಷಕ್ಕೆ 13.6 ಕೋಟಿ ಡಾಲರ್ ಬರೆದುಕೊಟ್ಟಿತು. ವರ್ಷಕ್ಕೆ 1.7 ಕೋಟಿ. ಎನ್‌ಎಚ್‌ಎಲ್ ಅಲ್ಲಿಯವರೆಗೆ ಕಾಣದಷ್ಟು ದೊಡ್ಡ ಮೊತ್ತ. ಫೋನಿನಲ್ಲಿ ಸುದ್ದಿ ನೋಡಿ ನನ್ನ ಎದೆ ಧಸಕ್ ಅಂದಿತು. ಹಿಂದಿನ ಸೀಸನ್‌ನಲ್ಲಿ ಗಾಯ, ಆಪರೇಷನ್ ಅಂತ ಅವನು ಆಡಿದ್ದು 41 ಪಂದ್ಯ ಮಾತ್ರ. ಆಮೇಲೆ ಕಾಫಿ ಕುಡಿದು, ಪೆನ್ಸಿಲ್ ತಗೊಂಡು ಕೂತೆ. ಅವತ್ತಿನಿಂದ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೇನೆ: ಡಾಲರ್ ನೋಡಬೇಡಿ, ಕ್ಯಾಪಿನಲ್ಲಿ ಅದರ ಪಾಲು ನೋಡಿ.

2019ರಲ್ಲಿ ಟೊರಾಂಟೊ ತಂಡ ಮಿಚ್ ಮಾರ್ನರ್‌ಗೆ ವರ್ಷಕ್ಕೆ 1.09 ಕೋಟಿ ಕೊಟ್ಟಿತು. ಆಗ ಕ್ಯಾಪ್ 8.15 ಕೋಟಿ, ಅವನ ಪಾಲು ನೂರಕ್ಕೆ 13 ದಾಟಿತ್ತು. 2025ರಲ್ಲಿ ಡಲ್ಲಾಸ್ ಮಿಕ್ಕೊ ರಂಟನೆನ್‌ಗೆ 1.2 ಕೋಟಿಗೆ ಸಹಿ ಹಾಕಿಸಿತು. ಅದು ಶುರುವಾದ 2025-26ರ ಕ್ಯಾಪ್ 9.55 ಕೋಟಿ, ಪಾಲು 12.6. ಕೇಳೋಕೆ ರಂಟನೆನ್ ದುಬಾರಿ, ತಂಡದ ಮೇಲಿನ ಭಾರ ನೋಡಿದರೆ ಮಾರ್ನರ್ ದುಬಾರಿ. ಅದರ ಮೇಲೆ ಕೋವಿಡ್ ಬಂದು ಕ್ಯಾಪ್ ಮೂರು ಸೀಸನ್ ಅಲ್ಲೇ ನಿಂತುಬಿಟ್ಟಿತು. ಟೊರಾಂಟೊದವರು ಇದನ್ನು ಊಹಿಸೋಕೆ ಸಾಧ್ಯವಿರಲಿಲ್ಲ, ಪಾಪ. ಈಗ ಗಾಳಿ ಉಲ್ಟಾ ಬೀಸುತ್ತಿದೆ. 2026-27ಕ್ಕೆ ಕ್ಯಾಪ್ 10.4 ಕೋಟಿ, ಅದರ ಮುಂದಿನ ಸೀಸನ್‌ಗೆ 11.35 ಕೋಟಿ ಅಂತ ಲೀಗ್ ಮೊದಲೇ ಹೇಳಿಟ್ಟಿದೆ. ಕಪ್ರಿಜೋವ್‌ನ ಹೊಸ ಒಪ್ಪಂದ ಲೆಕ್ಕಕ್ಕೆ ಬರೋದು 2026-27ರಿಂದ. ಅವನ ಪಾಲು ಮೊದಲ ವರ್ಷ ನೂರಕ್ಕೆ 16 ದಾಟಿ, ಎರಡನೇ ವರ್ಷವೇ 15ಕ್ಕೆ ಇಳಿಯುತ್ತೆ. ಆದ್ದರಿಂದ ಬೆಲೆಯ ವಿಷಯದಲ್ಲಿ ನಿಮ್ಮ ಮಗನ ಕಡೆಗೆ ನಾನು.

ವರ್ಷಗಳ ವಿಷಯದಲ್ಲಿ ಮಾತ್ರ ನಿಮ್ಮ ಕಡೆಗೆ. ನಿಮ್ಮವನಿಗೆ ಹೊಸ ಒಪ್ಪಂದ ಶುರುವಾಗುವಾಗ 30 ಆಗಿರುತ್ತೆ. ಮೊದಲೆಲ್ಲ ತನ್ನ ಆಟಗಾರನಿಗೆ ತಂಡ ಹೆಚ್ಚೆಂದರೆ 8 ವರ್ಷದ ಒಪ್ಪಂದ ಕೊಡಬಹುದಿತ್ತು, ಬೇರೆ ತಂಡದವರು 7. 2026ರ ಸೆಪ್ಟೆಂಬರ್‌ನಿಂದ ಅದು 7 ಮತ್ತು 6 ಅಂತ ಬದಲಾಗಿದೆ. ಒಳ್ಳೇದೇ ಆಯಿತು. 7 ಅಂದರೂ 37ರ ತನಕ! ನಾನು ನಿಮ್ಮ ತಂಡದ ಮ್ಯಾನೇಜರ್ ಕುರ್ಚಿಯಲ್ಲಿದ್ದರೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಜಾಸ್ತಿ ಇಟ್ಟು, ಎರಡು ವರ್ಷ ಕಡಿಮೆ ಕೇಳುತ್ತಿದ್ದೆ.

ಇನ್ನೊಂದು ಪರೀಕ್ಷೆ ಇದೆ. ಅವನಿಗೆ ಪಕ್ ತಂದುಕೊಡುವವನು ಯಾರು ಅಂತ ನೋಡಿ. ಎಷ್ಟೋ ವಿಂಗರ್‌ಗಳು ಒಳ್ಳೇ ಸೆಂಟರ್‌ನ ಪಕ್ಕ ನಿಂತು ಶ್ರೀಮಂತರಾದವರು. ಆ ಸೆಂಟರ್ ಗಾಯವಾಗಿ ಹೊರಗಿದ್ದಾಗ ಇವನು ಹೇಗಾಡಿದ? ಪವರ್‌ಪ್ಲೇ ಗೋಲು, ಅಂದರೆ ಶಿಕ್ಷೆಯಿಂದ ಎದುರಾಳಿಯಲ್ಲಿ ಆಳು ಕಡಿಮೆ ಇದ್ದಾಗ ಹೊಡೆದದ್ದು, ಪಕ್ಕಕ್ಕಿಟ್ಟರೆ ಎಷ್ಟು ಉಳಿಯುತ್ತೆ? ಕಪ್ರಿಜೋವ್ ಅಂಚಿನ ಬೋರ್ಡ್ ಹತ್ತಿರ ಪಕ್ ಹಿಡಿದು ಗಕ್ಕನೆ ನಿಲ್ಲುತ್ತಾನೆ. ಅಟ್ಟಿಸಿಕೊಂಡು ಬಂದವನು ತನ್ನ ವೇಗಕ್ಕೆ ತಾನೇ ಮುಂದೆ ಜಾರಿ ಹೋಗುತ್ತಾನೆ. ಇವನು ಒಳಗೆ ತಿರುಗಿ, ತಲೆ ಎತ್ತಿ ನೋಡಿ, ಆಮೇಲೆ ಪಾಸ್ ಕೊಡುತ್ತಾನೆ. ಆಟವನ್ನು ತಾನೇ ಹುಟ್ಟಿಸುವವನು ಅವನು. ಅಂಥವನಿಗೆ ಕೊಡಿ. ನಿಮ್ಮವನು ಅಂಥವನಾ? ಮಗನನ್ನು ಕೂರಿಸಿಕೊಂಡು ಮುಂದಿನ ಪಂದ್ಯದಲ್ಲಿ ಬರೀ ಅವನೊಬ್ಬನನ್ನೇ ನೋಡಿ. ಪಕ್ ಕಡೆ ಕಣ್ಣು ಹಾಯಿಸಬೇಡಿ.

ಇನ್ನು ನಿಮ್ಮ ಡ್ರಾಫ್ಟ್ ಪಿಕ್. ಕ್ಯಾಲ್ಗರಿಯವರಿಗೆ ಜರೋಮ್ ಇಗಿನ್ಲಾ ಅಂದರೆ ಪ್ರಾಣ. ಆ ತಂಡಕ್ಕೆ 525 ಗೋಲು ಹೊಡೆದವನು. ಪ್ಲೇಆಫ್‌ಗೆ ಹೋಗದೆ ವರ್ಷದ ಮೇಲೆ ವರ್ಷ ಕಳೆದರೂ ಬಿಡೋಕೆ ಮನಸ್ಸು ಬರಲಿಲ್ಲ. ಕೊನೆಗೆ 2013ರ ಮಾರ್ಚ್‌ನಲ್ಲಿ, ಅವನಿಗೆ 35 ಆದಾಗ, ಒಪ್ಪಂದ ಮುಗಿಯೋಕೆ ಕೆಲವೇ ತಿಂಗಳಿದ್ದಾಗ ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಬಂದದ್ದು ಇಬ್ಬರು ಹೊಸ ಹುಡುಗರು, ಒಂದು ಮೊದಲ ಸುತ್ತಿನ ಪಿಕ್. ಆ ಪಿಕ್ಕಿನಲ್ಲಿ ಆರಿಸಿದ ಹುಡುಗ ಎನ್‌ಎಚ್‌ಎಲ್‌ನಲ್ಲಿ ಒಟ್ಟು ಆಡಿದ್ದು ಒಂದು ಪಂದ್ಯ. ಒಂದೇ ಒಂದು. ಮಾರುವುದಾದರೆ ತಡ ಮಾಡಬೇಡಿ, ಪಿಕ್ಕಿಗಿಂತ ಆಗಲೇ ಆಡುತ್ತಿರುವ ಹುಡುಗನನ್ನು ಕೇಳಿ.

ರಂಟನೆನ್ ಕತೆಯಲ್ಲಿ ಕೆರೊಲಿನಾ ಮಾಡಿದ್ದು ಅದನ್ನೇ. 2025ರ ಜನವರಿಯಲ್ಲಿ ಕೊಲರಾಡೊದಿಂದ ಅವನನ್ನು ತಂದರು. ಸಹಿ ಹಾಕುವ ಲಕ್ಷಣ ಕಾಣಲಿಲ್ಲ. ಮುಖ ಉಳಿಸಿಕೊಳ್ಳೋಕೆ ಅಂತ ಕಾಯಲಿಲ್ಲ. 13 ಪಂದ್ಯ ಆಡಿಸಿ, ಮಾರ್ಚ್ 7ಕ್ಕೆ ಡಲ್ಲಾಸ್‌ಗೆ ಕೊಟ್ಟು, ಲೋಗನ್ ಸ್ಟ್ಯಾನ್‌ಕೋವನ್ ಎಂಬ ಚುರುಕು ಹುಡುಗನನ್ನೂ ಪಿಕ್‌ಗಳನ್ನೂ ತಗೊಂಡರು. ನನಗೆ ಆ ಧೈರ್ಯ ಇಷ್ಟವಾಯಿತು. ಕೊಲರಾಡೊದವರ ಮೇಲೆ ಮಾತ್ರ ನನಗೆ ಅಯ್ಯೋ ಅನ್ನಿಸುತ್ತೆ. ಎರಡು ತಿಂಗಳಾದ ಮೇಲೆ ಮೊದಲ ಸುತ್ತಿನ ಏಳನೇ ಪಂದ್ಯ. ಕೊಲರಾಡೊ ಎರಡು ಗೋಲು ಮುಂದಿತ್ತು. ಕೊನೆಯ ಅವಧಿಯಲ್ಲಿ ಅದೇ ರಂಟನೆನ್ ಡಲ್ಲಾಸ್ ಅಂಗಿ ಹಾಕಿಕೊಂಡು ಮೂರು ಗೋಲು ಹೊಡೆದ. ಒಂದಂತೂ ಗೋಲಿನ ಹಿಂದಿನಿಂದ ಸುತ್ತಿ ಬಂದು ತೂರಿಸಿದ್ದು. ಹಳೇ ತಂಡ ಮನೆಗೆ ಹೋಯಿತು.

ಸಹಿಯೂ ಇಲ್ಲ, ಮಾರಾಟವೂ ಇಲ್ಲ, ಸುಮ್ನೆ ಇಟ್ಟುಕೊಂಡು ಆಡಿಸೋದು ಅನ್ನುವ ಮೂರನೇ ದಾರಿಯೂ ಇದೆ. 2019ರಲ್ಲಿ ಕೊಲಂಬಸ್ ಆರ್ಟೆಮಿ ಪನಾರಿನ್‌ನನ್ನು ಹಾಗೆ ಇಟ್ಟುಕೊಂಡಿತು. ಆ ಸೀಸನ್ 62 ಪಂದ್ಯ ಗೆದ್ದಿದ್ದ ಟ್ಯಾಂಪಾ ಬೇಯನ್ನು ಮೊದಲ ಸುತ್ತಿನಲ್ಲಿ ನಾಲ್ಕಕ್ಕೆ ನಾಲ್ಕೂ ಸೋಲಿಸಿತು. ಕೊಲಂಬಸ್ ಪ್ಲೇಆಫ್ ಸರಣಿ ಗೆದ್ದದ್ದು ಅದೇ ಮೊದಲು. ಜುಲೈ 1ಕ್ಕೆ ಪನಾರಿನ್ ನ್ಯೂಯಾರ್ಕ್ ರೇಂಜರ್ಸ್ ಸೇರಿದ, ಇವರ ಕೈಗೆ ಏನೂ ಬರಲಿಲ್ಲ. ದಡ್ಡತನ ಅಂದರು ಬಹಳ ಜನ. ನಾನು ಹಾಗನ್ನಲ್ಲ. ಆ ಊರಿನವರು ಆ ಏಪ್ರಿಲ್ ತಿಂಗಳನ್ನು ಇನ್ನೂ ಮರೆತಿರಲಾರರು. ನಿಮ್ಮ ತಂಡಕ್ಕೆ ಈ ವರ್ಷ ಅಂಥ ದಾರಿ ಕಾಣುತ್ತಿದ್ದರೆ ಇಟ್ಟುಕೊಳ್ಳಲಿ. ಪ್ಲೇಆಫ್‌ಗೆ ಹೋಗೋದೇ ಅನುಮಾನ ಅಂದರೆ ಮಾರ್ಚ್‌ನ ಟ್ರೇಡ್ ಗಡುವಿನ ಮೊದಲೇ ಮಾರಲಿ.

ಒಟ್ಟಿನಲ್ಲಿ ಮಗ ಅರ್ಧ ಸರಿ, ನೀವು ಕಾಲು ಸರಿ. ಉಳಿದ ಕಾಲು ಭಾಗ ಆ ಹುಡುಗನ ಬೆನ್ನು, ಮಂಡಿಗೆ ಬಿಟ್ಟದ್ದು.

ಪ್ರಶ್ನೆ: ಅಕ್ಕಾ, ನನಗೆ ಗೊತ್ತಿರೋದು ಹುಲ್ಲಿನ ಮೇಲಿನ ಹಾಕಿ. ಈ ಐಸ್ ಹಾಕಿಯಲ್ಲಿ ವಿಂಗರ್ ಅಂದರೆ ಯಾರು? ಅವನಿಗ್ಯಾಕೆ ಇಷ್ಟು ದುಡ್ಡು?
— ಹೊಸದಾಗಿ ನೋಡುತ್ತಿರುವವಳು

ಉತ್ತರ: ಒಂದು ತಂಡದಿಂದ ಆರು ಜನ ಐಸ್ ಮೇಲೆ ಇರುತ್ತಾರಮ್ಮ. ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆನ್ಸ್, ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ವಿಂಗರ್. ಸೆಂಟರ್ ಹಿಂದೆ ಮುಂದೆ ಎರಡೂ ಕಡೆ ದುಡಿಯಬೇಕು. ವಿಂಗರ್‌ಗೆ ಆ ಹೊರೆ ಸ್ವಲ್ಪ ಕಡಿಮೆ, ಗೋಲು ತಂದುಕೊಡೋದೇ ಮುಖ್ಯ. ಒಂದು ನಿಮಿಷವೂ ಆಗುವ ಮೊದಲೇ ಏದುಸಿರು ಬಿಡುತ್ತಾ ಬೆಂಚಿಗೆ ಬಂದು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತಾರೆ. ಹಾಗೆ ಇಡೀ ಸೀಸನ್ ಗೋಲು ತರುವವರು ಬೆರಳೆಣಿಕೆ. ಅದಕ್ಕೇ ದುಡ್ಡು.

ಪ್ರಶ್ನೆ: ಈಗ ಸಹಿ ಹಾಕಿಸಿಕೊಂಡು, ಆಟ ಇಳಿದ ಮೇಲೆ ಮಾರಿದರಾಯಿತಲ್ವಾ? ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ?
— ಸುಲಭ ದಾರಿಯವನು

ಉತ್ತರ: ಕಾಗದದ ಸಣ್ಣ ಅಕ್ಷರ ಓದಿ ಸ್ವಾಮಿ. ಇಂಥ ಆಟಗಾರರು ನೋ-ಮೂವ್‌ಮೆಂಟ್ ಷರತ್ತು ಬರೆಸಿಕೊಂಡಿರುತ್ತಾರೆ. ಅವರು ಒಪ್ಪದೆ ಎಲ್ಲಿಗೂ ಕಳಿಸುವ ಹಾಗಿಲ್ಲ. ಮೇಲೆ ಹೇಳಿದ ಮಾರ್ನರ್‌ನ ಕೊನೆಯ ವರ್ಷ ಹಾಗೇ ಆಯಿತು. 2025ರ ಮಾರ್ಚ್‌ನಲ್ಲಿ ಅವನನ್ನು ಕೆರೊಲಿನಾಗೆ ಕಳಿಸುವ ಮಾತು ಬಂತು, ಅವನು ಒಪ್ಪಲಿಲ್ಲ ಅಂತ ಪತ್ರಿಕೆಗಳೆಲ್ಲ ಬರೆದವು. ತಪ್ಪೇನಿಲ್ಲ, ಅದು ಅವನ ಹಕ್ಕು. ಆ ಸೀಸನ್‌ನಲ್ಲಿ 102 ಪಾಯಿಂಟ್ ಮಾಡಿದ. ಪ್ಲೇಆಫ್‌ನ ಎರಡನೇ ಸುತ್ತಿನ ಏಳನೇ ಪಂದ್ಯದಲ್ಲಿ ಟೊರಾಂಟೊ ತನ್ನ ಮನೆಯಂಗಳದಲ್ಲೇ ಫ್ಲಾರಿಡಾಗೆ 6-1ರಿಂದ ಸೋತಿತು. ಫ್ರೀ ಏಜೆಂಟ್ ಆಗೋಕೆ ಒಂದು ದಿನ ಮೊದಲು ವೇಗಸ್‌ಗೆ ಹೋದ, 8 ವರ್ಷ, 9.6 ಕೋಟಿ. ಟೊರಾಂಟೊಗೆ ಸಿಕ್ಕಿದ್ದು ನಿಕೊಲಾ ರುವಾ ಒಬ್ಬ. ಸೊನ್ನೆಗಿಂತ ಒಬ್ಬ ಜಾಸ್ತಿ, ಅಷ್ಟೇ.

ಪ್ರಶ್ನೆ: ಮೇಡಂ, ಮೇಲಿನ ಪ್ರಶ್ನೆ ಕೇಳಿದ ಅಪ್ಪ ನಾನೇ. ಅದೇ ಕಾಗದದಲ್ಲಿ ಇನ್ನೊಂದು. ಮಗನ ಹುಟ್ಟುಹಬ್ಬ ಬರುತ್ತಿದೆ, ಆ ವಿಂಗರ್‌ನ ಹೆಸರಿರುವ ಜೆರ್ಸಿಯೇ ಬೇಕಂತೆ. ಜುಲೈವರೆಗೆ ಕಾಯಲಾ?

ಉತ್ತರ: ಕೊಡಿಸಿ. ಹುಟ್ಟುಹಬ್ಬ ಜುಲೈವರೆಗೆ ಕಾಯುತ್ತಾ?

ನಮ್ಮ ಪಕ್ಕದ ಸೀಟಿನ ಅಜ್ಜನ ಹತ್ತಿರ ಪರೀಸೆಯ 11ನೇ ನಂಬರ್ ಜೆರ್ಸಿ ಇದೆ. ಬೈಔಟ್ ಆದ ವರ್ಷ ಅವರು ಹೊಸದು ಕೊಳ್ಳಲಿಲ್ಲ. ಬೆನ್ನಿನ ಮೇಲೆ ಟೇಪ್ ಅಂಟಿಸಿ, ಮಾರ್ಕರ್‌ನಲ್ಲಿ 97 ಅಂತ ಕಪ್ರಿಜೋವ್‌ನ ನಂಬರ್ ಬರೆದುಕೊಂಡು ಬಂದರು. ನಿಮ್ಮ ಕಾಗದ ಬಂದ ಮೇಲೆ, ಯಾವ ಟೇಪು ಅಂತ ಅವರನ್ನೇ ಕೇಳಿದೆ. ಬೆಳ್ಳಿ ಬಣ್ಣದ ಗಟ್ಟಿ ಟೇಪ್ ಬೇಡವಂತೆ, ಕಿತ್ತರೆ ಅಂಟು ಬಟ್ಟೆಯಲ್ಲೇ ಉಳಿಯುತ್ತಂತೆ. ಸ್ಟಿಕ್ಕಿಗೆ ಸುತ್ತುತ್ತಾರಲ್ಲ, ಆ ಬಿಳೀ ಬಟ್ಟೆ ಟೇಪೇ ಸರಿಯಂತೆ.