ಓದುಗರ ಪ್ರಶ್ನೆ: ಚೀಲ ಹೊತ್ತ ಹುಡುಗರು ಗೆದ್ದ ಇಂಡಿಯನ್ ಓಪನ್

ಹೋದ ತಿಂಗಳು ಗಾಲ್ಫ್ ಬಗ್ಗೆ ಎರಡೇ ಸಾಲು ಬರೆದಿದ್ದೆ, ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಹೆಚ್ಚಿನವು ಇಂಡಿಯನ್ ಓಪನ್ ಬಗ್ಗೆನೇ ಇದ್ದಿದ್ರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸಾರ್, ಇಂಡಿಯನ್ ಓಪನ್ ಯಾವಾಗ ಶುರುವಾಯ್ತು? ಬ್ರಿಟಿಷರು ಬಿಟ್ಟುಹೋಗಿದ್ದಾ?

ಉತ್ತರ: ಆಟ ಅವರು ತಂದಿದ್ದು ಹೌದು, ಈ ಟೂರ್ನಿ ಅಲ್ಲ. ಕಲ್ಕತ್ತಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದ್ದು, ಬ್ರಿಟನ್ ಐರ್ಲೆಂಡ್ ಬಿಟ್ರೆ ಜಗತ್ತಲ್ಲೇ ಹಳೇ ಗಾಲ್ಫ್ ಕ್ಲಬ್ ಅದು, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಹವ್ಯಾಸಿಗಳ ಚಾಂಪಿಯನ್‌ಶಿಪ್ ಕೂಡ 1892ರಿಂದಲೇ ಇತ್ತು. ಆದ್ರೆ ದುಡ್ಡಿನ ಬಹುಮಾನ ಇಟ್ಟು, ಬೇರೆ ಬೇರೆ ದೇಶದ ಪ್ರೊಫೆಷನಲ್‌ಗಳನ್ನ ಕರೆಸಿ ಆಡಿಸೋ ಓಪನ್ ಶುರುವಾಗಿದ್ದು 1964ರಲ್ಲಿ, ದಿಲ್ಲಿ ಗಾಲ್ಫ್ ಕ್ಲಬ್‌ನಲ್ಲಿ, ಅಂದ್ರೆ ಸ್ವಾತಂತ್ರ್ಯ ಬಂದು 17 ವರ್ಷ ಆದ್ಮೇಲೆ.

ಇದರ ಹಿಂದೆ ಇದ್ದೋರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್‌ನ 5 ಸಲ ಗೆದ್ದ ದೊಡ್ಡ ಆಟಗಾರ, ಅದರಲ್ಲಿ 1954, 55, 56 ಮೂರು ವರ್ಷ ಸತತ. ಇಂಥೋರು ಇಂಡಿಯಾಕ್ಕೆ ಬಂದು, ಇಲ್ಲೂ ಒಂದು ಓಪನ್ ಆಗ್ಬೇಕು ಅಂತ ಬೆನ್ನು ಹತ್ತಿ ನಿಂತ್ರು. ಬರೀ ಮಾತಾಡಿ ಹೋಗಲಿಲ್ಲ, ಮೊದಲನೇ ವರ್ಷ ತಾವೇ ಆಡಿ ಗೆದ್ರು, 1966ರಲ್ಲಿ ಮತ್ತೆ ಗೆದ್ರು, ಹತ್ತು ವರ್ಷ ಬಿಟ್ಟು 1976ರಲ್ಲಿ ಇನ್ನೊಂದು ಸಲ. ಮೂರು ಸಲ ಗೆದ್ದೋರು ಇನ್ನೊಬ್ಬರೇ ಇರೋದು, ನಮ್ಮ ಜ್ಯೋತಿ ರಾಂಧವಾ, 2000, 2006, 2007. ಥಾಮ್ಸನ್ 2018ರಲ್ಲಿ ತೀರಿಕೊಂಡ್ರು, ನಮ್ಮ ದೇಶದ ಗಾಲ್ಫ್ ಅವರನ್ನ ಮರೆಯೋ ಹಾಗಿಲ್ಲ, ಇನ್ನೂ ಒಂದು ಕಾರಣ ಇದೆ, ಮುಂದೆ ಬರುತ್ತೆ.

ಪ್ರಶ್ನೆ: ‘ಓಪನ್’ ಅಂದ್ರೆ ಯಾರು ಬೇಕಾದ್ರೂ ಆಡಬಹುದಾ?

ಉತ್ತರ: ನಾನು ನೀವು ಹೋಗಿ ಆಡೋಕಾಗಲ್ಲ, ಆದ್ರೆ ಪ್ರೊಫೆಷನಲ್ ಹವ್ಯಾಸಿ ಅಂತ ಭೇದ ಇಲ್ಲ, ಅರ್ಹತೆ ಇದ್ರೆ ಇಬ್ಬರಿಗೂ ಬಾಗಿಲು ತೆಗೆದಿರುತ್ತೆ, ಅದಕ್ಕೇ ಓಪನ್. ಇದು ಮಾತಿಗೆ ಹೇಳೋದಲ್ಲ, ಎರಡನೇ ವರ್ಷವೇ ಸಾಬೀತಾಯ್ತು. 1965ರಲ್ಲಿ ಪಿ.ಜಿ. ಸೇಠಿ, ಎಲ್ಲರೂ ಬಿಲ್ಲೂ ಸೇಠಿ ಅಂತ ಕರೀತಿದ್ರು, ಒಬ್ಬ ಹವ್ಯಾಸಿ, ಪ್ರೊಫೆಷನಲ್‌ಗಳನ್ನೆಲ್ಲ ಹಿಂದೆ ಹಾಕಿ ಗೆದ್ದುಬಿಟ್ರು. ಹವ್ಯಾಸಿ ಗೆದ್ರೆ ಕಪ್ ತಗೋಬಹುದು, ಬಹುಮಾನದ ದುಡ್ಡು ಮುಟ್ಟೋ ಹಾಗಿಲ್ಲ. ಆಮೇಲೆ ಇವತ್ತಿನ ತನಕ ಇನ್ನೊಬ್ಬ ಹವ್ಯಾಸಿ ಗೆದ್ದಿಲ್ಲ.

ಪ್ರಶ್ನೆ: ನಾಲ್ಕು ದಿನ ಆಡ್ತಾರಲ್ಲ, ಗೆದ್ದೋರನ್ನ ಹೇಗೆ ತೀರ್ಮಾನ ಮಾಡ್ತಾರೆ?

ಉತ್ತರ: ಹೋಲ್ ಅಂದ್ರೆ ಚೆಂಡು ಹಾಕಬೇಕಾದ ತೂತು, ದಿನಕ್ಕೆ 18 ಹೋಲ್, ನಾಲ್ಕು ದಿನಕ್ಕೆ 72. ಒಟ್ಟು ಯಾರು ಕಮ್ಮಿ ಹೊಡೆತದಲ್ಲಿ ಮುಗಿಸ್ತಾರೋ ಅವರು ಗೆದ್ರು. ಎರಡು ದಿನ ಆದ್ಮೇಲೆ ‘ಕಟ್’ ಅಂತ ಮಾಡಿ ಹಿಂದೆ ಬಿದ್ದೋರನ್ನ ಮನೆಗೆ ಕಳಿಸ್ತಾರೆ, ಅವರಿಗೆ ದುಡ್ಡೂ ಇಲ್ಲ. ಕೊನೆಗೆ ಇಬ್ಬರು ಸಮ ಬಂದ್ರೆ ಪ್ಲೇಆಫ್, ಒಂದೊಂದೇ ಹೋಲ್ ಆಡ್ತಾ ಹೋಗೋದು, ಯಾರು ಮೊದಲು ಮೇಲುಗೈ ಸಾಧಿಸ್ತಾರೋ ಅಲ್ಲಿಗೆ ಮುಗೀತು.

ಪ್ರಶ್ನೆ: ಗಾಲ್ಫ್ ಶ್ರೀಮಂತರ ಆಟ ಅಂತ ನಮ್ಮೂರಲ್ಲಿ ಎಲ್ಲರೂ ಅಂತಾರೆ. ಬಡವರ ಮಕ್ಕಳು ಯಾರಾದ್ರೂ ಈ ಓಪನ್ ಗೆದ್ದಿದಾರಾ ಸಾರ್?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಯಾಕಂದ್ರೆ ನನ್ನ ಪ್ರಕಾರ ಇಂಡಿಯನ್ ಓಪನ್‌ನ ನಿಜವಾದ ಚರಿತ್ರೆ ಇರೋದೇ ಇಲ್ಲಿ.

ಸೇಠಿ 1965ರಲ್ಲಿ ಗೆದ್ಮೇಲೆ 26 ವರ್ಷ ಒಬ್ಬ ಭಾರತೀಯನೂ ಗೆಲ್ಲಲಿಲ್ಲ. ಜಪಾನಿನ ಕೆಂಜಿ ಹೊಸೊಯಿಶಿ ಬಂದು 1967, 68 ಎರಡು ವರ್ಷ ಕಪ್ ಒಯ್ದ್ರು, ಟೂರ್ನಿ ಏಷ್ಯಾ ಸರ್ಕಿಟ್‌ಗೆ, ಅಂದ್ರೆ ಏಷ್ಯಾದ ದೇಶಗಳಲ್ಲಿ ಸಾಲಾಗಿ ನಡೆಯೋ ಟೂರ್ನಿಗಳ ಗುಂಪಿಗೆ, ಸೇರಿಕೊಂಡು ಇನ್ನೂ ದೊಡ್ಡದಾಯ್ತು, 1981ರಲ್ಲಿ ಪೇನ್ ಸ್ಟುವರ್ಟ್ ಅಂತ ಒಬ್ಬ ಅಮೆರಿಕನ್ ಹುಡುಗ ಗೆದ್ದ, ಆಗ ಅವನ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ, ಮುಂದೆ ಅವನೇ ಯುಎಸ್ ಓಪನ್‌ನ ಎರಡು ಸಲ ಗೆದ್ದ. ಹೀಗೆ ಹೊರಗಿನೋರು ಬಂದು ಗೆದ್ದುಕೊಂಡು ಹೋಗ್ತಾನೇ ಇದ್ರು.

1991ರಲ್ಲಿ ದಿಲ್ಲಿ ಗಾಲ್ಫ್ ಕ್ಲಬ್‌ನಲ್ಲಿ ಅಲಿ ಶೇರ್ ಗೆದ್ರು. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಪ್ರೊಫೆಷನಲ್. ಯಾರಿವರು ಅಂದ್ರೆ ಅದೇ ಕ್ಲಬ್‌ನಲ್ಲಿ ಕ್ಯಾಡಿ ಆಗಿದ್ದೋರು, ಅಂದ್ರೆ ಮೆಂಬರ್‌ಗಳ ಗಾಲ್ಫ್ ಚೀಲ ಹೊತ್ಕೊಂಡು ಅವರ ಹಿಂದೆ ನಡೀತಿದ್ದ ಹುಡುಗ. ಆಕಸ್ಮಿಕ ಅಂತ ಯಾರಾದ್ರೂ ಅಂದಿದ್ರೆ 1993ರಲ್ಲಿ ಮತ್ತೆ ಗೆದ್ದು ಬಾಯಿ ಮುಚ್ಚಿಸಿದ್ರು.

ಅಲ್ಲಿಂದ ಸಾಲು ನೋಡಿ. 1998ರಲ್ಲಿ ಕೋಲ್ಕತ್ತಾದ ಫಿರೋಜ್ ಅಲಿ, ಅವರೂ ಕ್ಯಾಡಿ. 2002ರಲ್ಲಿ ಲಖನೌದ ವಿಜಯ್ ಕುಮಾರ್, ಅವರೂ ಕ್ಯಾಡಿ. 2009ರಲ್ಲಿ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ, ಎಲ್ಲರೂ ಕೆಜಿಎ ಅಂತಾರಲ್ಲ ಅಲ್ಲಿ, ಚೀಲ ಹೊತ್ತು ಆಟ ಕಲಿತೋರು. ಗುರುಗ್ರಾಮದ ಡಿಎಲ್‌ಎಫ್ ಕೋರ್ಸ್‌ನಲ್ಲಿ ಕೊರಿಯಾದ ಲೀ ಸಂಗ್‌ನ ಪ್ಲೇಆಫ್‌ನಲ್ಲಿ ಸೋಲಿಸಿದ್ರು. ನನಗೆ ಈ ಟೂರ್ನಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಗೆಲುವು ಅದೇ, ಪಕ್ಷಪಾತ ಅಂದ್ರೂ ಪರವಾಗಿಲ್ಲ. ಕ್ರಿಕೆಟ್‌ನಲ್ಲಿ ಇಂಥದ್ದೊಂದು ನಡೆದಿದ್ರೆ ಮಕ್ಕಳ ಪಠ್ಯಪುಸ್ತಕದಲ್ಲಿ ಬಂದಿರೋದು, ಮುನಿಯಪ್ಪನವರ ಹೆಸರು ಕರ್ನಾಟಕದಲ್ಲೇ ಎಷ್ಟು ಜನಕ್ಕೆ ಗೊತ್ತು ಹೇಳಿ.

ಕ್ಯಾಡಿಗಳೇ ಯಾಕೆ ಇಷ್ಟು ಚೆನ್ನಾಗಿ ಆಡ್ತಾರೆ ಅಂತ ನೀವು ಕೇಳಬಹುದು. ಚೀಲ ಹೊರೋದು ಅಂದ್ರೆ ಬರೀ ಹೊರೋದಲ್ಲ, ಎಷ್ಟು ಗಜ ಇದೆ, ಗಾಳಿ ಯಾವ ಕಡೆ, ಯಾವ ಕ್ಲಬ್ (ಚೆಂಡು ಹೊಡೆಯೋ ಕೋಲಿಗೂ ಕ್ಲಬ್ ಅಂತಾನೇ ಹೆಸರು) ತಗೋಬೇಕು, ಗ್ರೀನ್‌ನಲ್ಲಿ, ಅಂದ್ರೆ ತೂತಿನ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಜಾಗದಲ್ಲಿ, ಹುಲ್ಲು ಯಾವ ಕಡೆ ಮಲಗಿದೆ, ಚೆಂಡು ಎಷ್ಟು ತಿರುಗುತ್ತೆ, ಇದನ್ನೆಲ್ಲ ಆಡೋನಿಗೆ ಹೇಳೋನು ಕ್ಯಾಡಿನೇ. ವರ್ಷಗಟ್ಟಲೆ ದಿನಾ ಅದೇ ಮೈದಾನದಲ್ಲಿ ಒಳ್ಳೆ ಆಟನೂ ಕೆಟ್ಟ ಆಟನೂ ನೋಡಿ ನೋಡಿ ಕಣ್ಣು ಪಳಗಿರುತ್ತೆ. ಎಷ್ಟೋ ಕ್ಲಬ್‌ಗಳಲ್ಲಿ ಸೋಮವಾರ ಮೆಂಬರ್‌ಗಳಿಗೆ ರಜೆ, ಅವತ್ತು ಕ್ಯಾಡಿಗಳಿಗೆ ಆಡೋಕೆ ಬಿಡೋ ಪದ್ಧತಿ ಇದೆ, ಆ ಒಂದು ದಿನ, ಯಾರೋ ಕೊಟ್ಟ ಹಳೇ ಕ್ಲಬ್, ಅಷ್ಟರಲ್ಲೇ ಕಲಿತಿರೋರು ಇವರೆಲ್ಲ. ಕೋಚ್ ಇಲ್ಲ, ವಿಡಿಯೋ ಇಲ್ಲ. ಅದಕ್ಕೆ ಇವರಲ್ಲಿ ಎಷ್ಟೋ ಜನರ ಸ್ವಿಂಗ್, ಅಂದ್ರೆ ಕೋಲು ಬೀಸೋ ರೀತಿ, ಪುಸ್ತಕದಲ್ಲಿರೋ ಥರ ಇರಲ್ಲ, ಆದ್ರೆ ಗ್ರೀನ್ ಹತ್ರ ಬಂದ್ರೆ ಕೈಯಲ್ಲಿ ಜಾದು ಇರುತ್ತೆ.

ಆ ಜಾದು ನೋಡ್ಬೇಕು ಅಂದ್ರೆ ಎಸ್.ಎಸ್.ಪಿ. ಚೌರಾಸಿಯಾ ಆಟ ನೋಡಿ. ಇವರಪ್ಪ ರಾಯಲ್ ಕಲ್ಕತ್ತಾ ಕ್ಲಬ್‌ನಲ್ಲಿ ಹುಲ್ಲು ನೋಡ್ಕೊಳ್ತಿದ್ದ ಗ್ರೀನ್‌ಕೀಪರ್. ಮಗ ಚಿಪ್ (ಗ್ರೀನ್ ಹತ್ರದಿಂದ ಚೆಂಡನ್ನ ಮೆಲ್ಲಗೆ ಎತ್ತಿ ಹಾಕೋದು) ಮತ್ತು ಪಟ್ (ಗ್ರೀನ್ ಮೇಲೆ ತೂತಿಗೆ ಉರುಳಿಸೋದು) ಮಾಡೋ ರೀತಿ ನೋಡಿ ಜೊತೆಯೋರು ‘ಚಿಪ್‌ಪಟ್‌ಸಿಯಾ’ ಅಂತಲೇ ಹೆಸರಿಟ್ರು. 2008ರಲ್ಲಿ ದಿಲ್ಲಿಯಲ್ಲೇ ನಡೆದ ಇಂಡಿಯನ್ ಮಾಸ್ಟರ್ಸ್ ಅನ್ನೋ ಯುರೋಪಿಯನ್ ಟೂರ್ (ಯುರೋಪಿನ ಪ್ರೊಫೆಷನಲ್ ಟೂರ್ನಿಗಳ ಸರಣಿ) ಪಂದ್ಯ ಗೆದ್ರು, ಆದ್ರೆ ಇಂಡಿಯನ್ ಓಪನ್ ಮಾತ್ರ ಕೈಗೆ ಸಿಗ್ತಾನೇ ಇರಲಿಲ್ಲ, ಹಲವು ಸಲ ಎರಡನೇ ಸ್ಥಾನಕ್ಕೇ ನಿಂತ್ರು. 2015ರಲ್ಲಂತೂ ಕೊನೇ ದಿನ ಎಲ್ಲರಿಗಿಂತ ಮುಂದಿದ್ರು, 7 ಹೊಡೆತ ಹಿಂದಿದ್ದ ಬೆಂಗಳೂರಿನ ಅನಿರ್ಬಾನ್ ಲಾಹಿರಿ ಬಂದು ಸಮ ಮಾಡಿ ಪ್ಲೇಆಫ್‌ನಲ್ಲಿ ಗೆದ್ದುಬಿಟ್ರು. ಬೇರೆಯೋರಾಗಿದ್ರೆ ಅಲ್ಲಿಗೆ ಕೈಚೆಲ್ಲಿ ಕೂತ್ಕೊಳ್ತಿದ್ರು. ಚೌರಾಸಿಯಾ ಮಾರನೇ ವರ್ಷ 2016ರಲ್ಲಿ ಅದೇ ದಿಲ್ಲಿ ಕ್ಲಬ್‌ನಲ್ಲಿ ಗೆದ್ರು, 2017ರಲ್ಲಿ ಟೂರ್ನಿ ಡಿಎಲ್‌ಎಫ್‌ನ ಹೊಸ ಕೋರ್ಸ್‌ಗೆ ಹೋದ್ರೆ ಅಲ್ಲೂ ಗೆದ್ರು, ಅದೂ 7 ಹೊಡೆತದ ಅಂತರದಲ್ಲಿ. ಯಾವ 7 ಕೈಬಿಟ್ಟು ಹೋಗಿತ್ತೋ ಅದೇ 7!

ಹಾಗಂತ ಗೆದ್ದೋರೆಲ್ಲ ಬಡತನದಿಂದ ಬಂದೋರಲ್ಲ. 1999ರಲ್ಲಿ ಗೆದ್ದ ಅರ್ಜುನ್ ಅತ್ವಾಲ್, ಮುಂದೆ 2010ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯ, ಆಮೇಲೆ ರಾಂಧವಾ, ಲಾಹಿರಿ, ಇವರು ಬೇರೆ ಥರದ ಮನೆಗಳಿಂದ ಬಂದೋರು. ಲಾಹಿರಿ ತಂದೆ ಸೇನೆಯಲ್ಲಿ ಡಾಕ್ಟರ್. ಆಟ ಇಬ್ಬರಿಗೂ ಒಂದೇ, ಚೆಂಡಿಗೆ ಯಾರಪ್ಪ ಏನು ಕೆಲಸ ಮಾಡ್ತಾರೆ ಅಂತ ಗೊತ್ತಿರಲ್ಲ. ಆದ್ರೆ ಶ್ರೀಮಂತರ ಆಟ ಅಂತ ನಿಮ್ಮೂರೋರು ಅಂದ್ರೆ ಅಲಿ ಶೇರ್, ಫಿರೋಜ್ ಅಲಿ, ವಿಜಯ್ ಕುಮಾರ್, ಮುನಿಯಪ್ಪ, ಚೌರಾಸಿಯಾ, ಈ ಐದು ಹೆಸರು ಹೇಳಿ.

ಪ್ರಶ್ನೆ: ಬೆಂಗಳೂರಲ್ಲಿ ಈ ಟೂರ್ನಿ ನಡೆದಿದೆಯಾ?

ಉತ್ತರ: ನಡೆದಿದೆ. 2012ರಲ್ಲಿ ಕೆಜಿಎನಲ್ಲಿ. ಥಾಯ್ಲೆಂಡಿನ ಥಾವೊರ್ನ್ ವಿರಾಚಂಟ್, 2005ರಲ್ಲೂ ಗೆದ್ದಿದ್ದೋರು, ಸ್ಕಾಟ್ಲೆಂಡಿನ ರಿಚೀ ರಾಮ್ಸೆನ ಪ್ಲೇಆಫ್‌ನಲ್ಲಿ ಸೋಲಿಸಿ ಗೆದ್ರು. ಮೇಲೆ ಒಂದು ಮಾತು ಬಾಕಿ ಇಟ್ಟಿದ್ದೆನಲ್ಲ, ಈ ಕೆಜಿಎ ಕೋರ್ಸ್‌ನ ವಿನ್ಯಾಸ ಮಾಡಿದ್ದೂ ಪೀಟರ್ ಥಾಮ್ಸನ್ ಅವರೇ! ಟೂರ್ನಿ ಹುಟ್ಟುಹಾಕಿದೋರು ಹಾಕಿಕೊಟ್ಟ ಮೈದಾನದಲ್ಲಿ ಚೀಲ ಹೊತ್ತ ಹುಡುಗ ಅದೇ ಟೂರ್ನಿ ಗೆದ್ದ ಅಂತ ಯೋಚನೆ ಮಾಡಿದ್ರೆ ನನಗೆ ಈಗಲೂ ಮೈ ಜುಮ್ಮನ್ನುತ್ತೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಇಂಥದ್ದು ಇಲ್ವಾ? ನನ್ನ ಮಗಳಿಗೆ 9 ವರ್ಷ, ಆಸೆ ಇದೆ.

ಉತ್ತರ: ಇದೆ ಅಮ್ಮ, ವಿಮೆನ್ಸ್ ಇಂಡಿಯನ್ ಓಪನ್ ಅಂತ ಬೇರೆಯಾಗೇ ನಡೆಯುತ್ತೆ. 2016ರಲ್ಲಿ ಅದನ್ನ ಗೆದ್ದಿದ್ದು ಬೆಂಗಳೂರಿನ ಅದಿತಿ ಅಶೋಕ್, ಆಗ ಆ ಹುಡುಗಿಗೆ 18 ವರ್ಷ, ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದಾಗ ದೇಶವೇ ಬೆಳಗ್ಗೆ ಎದ್ದು ಗಾಲ್ಫ್ ನೋಡಿತ್ತು, ನೆನಪಿರಬಹುದು. ಅದಿತಿ ಶುರು ಮಾಡಿದಾಗ ಇನ್ನೂ 5 ವರ್ಷದ ಮಗು. ನಿಮ್ಮ ಮಗಳಿಗೆ 9 ಅಂದ್ರೆ ಖಂಡಿತ ತಡ ಆಗಿಲ್ಲ, ಹತ್ತಿರದ ಡ್ರೈವಿಂಗ್ ರೇಂಜ್‌ಗೆ, ಅಂದ್ರೆ ಗಾಲ್ಫ್ ಚೆಂಡು ಹೊಡೆದು ಅಭ್ಯಾಸ ಮಾಡೋ ಜಾಗಕ್ಕೆ, ಒಂದು ಭಾನುವಾರ ಕರ್ಕೊಂಡು ಹೋಗಿ, ಮೊದಲೇ ದುಬಾರಿ ಸೆಟ್ ಕೊಡಿಸೋಕೆ ಹೋಗಬೇಡಿ.

ಪ್ರಶ್ನೆ: ಈಚೆಗೆ ನಮ್ಮೋರು ಯಾಕೆ ಗೆಲ್ತಿಲ್ಲ?

ಉತ್ತರ: 2015, 16, 17 ಮೂರು ವರ್ಷ ಸತತ ನಮ್ಮೋರೇ ಗೆದ್ದಿದ್ರಿಂದ ಈ ಬರ ಇನ್ನೂ ಜೋರಾಗಿ ಕಾಣುತ್ತೆ. ನನಗೆ ಕಾಣೋ ಕಾರಣ ಎರಡು. 2015ರಿಂದ ಯುರೋಪಿಯನ್ ಟೂರ್ ಕೂಡ ಸೇರಿಕೊಂಡು ಬರೋ ಆಟಗಾರರ ಮಟ್ಟ ಏರಿತು. ಇನ್ನೊಂದು ಮೈದಾನ. ದಿಲ್ಲಿ ಕ್ಲಬ್‌ನ ಲೋಧಿ ಕೋರ್ಸ್ ಅಂದ್ರೆ ಇಕ್ಕಟ್ಟಾದ ಫೇರ್‌ವೇ (ಚೆಂಡು ಹೊಡ್ಕೊಂಡು ಹೋಗೋ ಹುಲ್ಲಿನ ದಾರಿ), ಎರಡೂ ಕಡೆ ಮುಳ್ಳುಪೊದೆ, ಮಧ್ಯ ಮಧ್ಯ ಮೊಘಲರ ಕಾಲದ ಗೋರಿಗಳು, ನವಿಲು ಓಡಾಡ್ತಿರುತ್ತೆ, ಅಲ್ಲಿ ಬಲಕ್ಕಿಂತ ನೇರ ಹೊಡೆಯೋನಿಗೇ ಬೆಲೆ, ನಮ್ಮೋರಿಗೆ ಅದರ ಮೂಲೆ ಮೂಲೆ ಗೊತ್ತಿತ್ತು. ಡಿಎಲ್‌ಎಫ್‌ನಲ್ಲಿ ಗ್ಯಾರಿ ಪ್ಲೇಯರ್ ಮಾಡಿದ ಕೋರ್ಸ್ ಬೇರೆ ಥರ, ಆಳವಾದ ಬಂಕರ್‌ಗಳು, ಅಂದ್ರೆ ಮರಳು ತುಂಬಿದ ಗುಂಡಿಗಳು, ಏರುತಗ್ಗಿನ ಗ್ರೀನ್‌ಗಳು, ಒಂದು ತಪ್ಪಿಗೆ ಎರಡು ಮೂರು ಹೊಡೆತ ದಂಡ.

2018ರಲ್ಲಿ ಶುಭಂಕರ್ ಶರ್ಮಾ ಕೊನೇ ದಿನಕ್ಕೆ ಮುಂದಿದ್ದೂ ಕೈಗೆ ಬರಲಿಲ್ಲ, ಇಂಗ್ಲೆಂಡಿನ ಮ್ಯಾಟ್ ವಾಲೇಸ್ ಗೆದ್ರು. ಮರುವರ್ಷ ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಾಕರ್, ಕೋವಿಡ್‌ನಿಂದ ಮೂರು ವರ್ಷ ಟೂರ್ನಿನೇ ಇಲ್ಲ, 2023ರಲ್ಲಿ ಜರ್ಮನಿಯ ಮಾರ್ಸೆಲ್ ಸೀಮ್. 2024ರಲ್ಲಿ ಜಪಾನಿನ ಕೈಟಾ ನಕಜಿಮಾ ಗೆದ್ದಾಗ ನಮ್ಮ ವೀರ್ ಅಹ್ಲಾವತ್ ಎರಡನೇ ಸ್ಥಾನ ಹಂಚಿಕೊಂಡ್ರು, 2025ರಲ್ಲಿ ಸ್ಪೇನಿನ ಯುಜೆನಿಯೊ ಚಕಾರಾ. ಅಹ್ಲಾವತ್ ಗುರುಗ್ರಾಮದ ಹುಡುಗ, ಡಿಎಲ್‌ಎಫ್ ಅವನಿಗೆ ಮನೆ ಅಂಗಳ ಇದ್ದ ಹಾಗೆ, ನಾನಂತೂ ಮುಂದಿನ ಸಲ ಮೊದಲು ಅವನ ಸ್ಕೋರೇ ನೋಡೋದು.