ತಾಳವಾಡಿ, ದಿಂಬಂ ಮತ್ತು ಮೋಯಾರ್ ಕಣಿವೆ: ನಮ್ಮ ನೆಲ ಯಾವ ಕಡೆಗೆ ವಾಲಿದೆ

ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದ್ದುಕೊಂಡು ತಾಳವಾಡಿಯವರು ಕನ್ನಡ ಆಡುವುದು ಹೇಗೆ ಎಂದು ತಾವು ಕೇಳಿದ್ದೀರಿ. ಭೂಪಟದಲ್ಲಿ ಎಳೆದ ಗಡಿಗೆರೆಯನ್ನು ನೋಡಿದರೆ ಇದು ವಿಚಿತ್ರವಾಗಿ ಕಾಣಬಹುದು. ನೆಲದ ಏರಿಳಿತವನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಚಾಮರಾಜನಗರದ ಕಡೆಯಿಂದ ತಾಳವಾಡಿಗೆ ಬರುವವರಿಗೆ ದೊಡ್ಡ ಘಾಟಿಯೇನೂ ಎದುರಾಗುವುದಿಲ್ಲ, ಏಕೆಂದರೆ ನಮ್ಮದು ಮೈಸೂರು ಪ್ರಸ್ಥಭೂಮಿಯದೇ ದಕ್ಷಿಣದ ಅಂಚು. ನಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಮಾತ್ರ ಹಾಸನೂರಿನ ಕಾಡು ದಾಟಿ, ಸುಮಾರು 1,100 ಮೀಟರ್ ಎತ್ತರದ ದಿಂಬಂ ತಲುಪಿ, ಅಲ್ಲಿಂದ 27 ತಿರುವುಗಳನ್ನು ಇಳಿದು ಬಣ್ಣಾರಿ ಅಮ್ಮನ ಗುಡಿಯ ಮುಂದೆ ಹಾದು, ಸತ್ಯಮಂಗಲದ ಬಯಲಿನಲ್ಲಿ ಮತ್ತೆ ಬಹುದೂರ ಸಾಗಬೇಕು. ರಾಜ್ಯದ ಗೆರೆ ನಮ್ಮ ಉತ್ತರಕ್ಕಿದೆ, ನೆಲದ ಗೆರೆ ನಮ್ಮ ದಕ್ಷಿಣಕ್ಕಿದೆ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಅಲ್ಲಿಯೇ ಉಳಿದೆವು.

ದಿಂಬಂನ ಅಂಚಿನಲ್ಲಿ ನಿಂತು ನೈಋತ್ಯಕ್ಕೆ ನೋಡಿದರೆ ನೆಲ ಒಮ್ಮೆಗೇ ಕುಸಿದಂತೆ ಕಾಣುವ ಜಾಗವೇ ಮೋಯಾರ್ ಕಣಿವೆ. ಆಚೆಗೆ ಗೋಡೆಯಂತೆ ಎದ್ದಿರುವುದು ನೀಲಗಿರಿ. ಬಂಡೀಪುರ ಮತ್ತು ಮುದುಮಲೈ ಕಾಡುಗಳ ನಡುವೆ ಆಳವಾದ ಕಮರಿಯಲ್ಲಿ ಹರಿದು ಬರುವ ಮೋಯಾರ್ ಹೊಳೆ, ಇಲ್ಲಿ ಅಗಲವಾದ ತಗ್ಗಿಗೆ ಇಳಿದು, 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟೆಯ ಹಿನ್ನೀರಿನಲ್ಲಿ ಭವಾನಿಯನ್ನು ಸೇರುತ್ತದೆ. ಮುಂಗಾರಿನ ಮೋಡಗಳನ್ನು ನೀಲಗಿರಿಯೇ ತಡೆದುಬಿಡುವುದರಿಂದ ಕಣಿವೆಯ ತಳ ಒಣಗಿದ ಕುರುಚಲು ಕಾಡು. ಹಸಿರು ಉಳಿದಿರುವುದು ಹೊಳೆಯ ಎರಡೂ ದಡಗಳ ಹೊಳೆಮತ್ತಿ ಮರಗಳಲ್ಲಿ. ದಕ್ಷಿಣ ಭಾರತದಲ್ಲಿ ಇಂದು ಅಪರೂಪವಾಗಿರುವ ಬಿಳಿಬೆನ್ನಿನ ರಣಹದ್ದುಗಳು ಆ ಮರಗಳ ನೆತ್ತಿಯಲ್ಲಿಯೇ ಗೂಡು ಕಟ್ಟುತ್ತವೆ. ಹೊಳೆಯ ಆಚೆ ದಡದಲ್ಲಿರುವ ತೆಂಗುಮರಹಾಡ ನೀಲಗಿರಿ ಜಿಲ್ಲೆಗೆ ಸೇರಿದ ಊರಾದರೂ, ಅಲ್ಲಿನವರು ಭವಾನಿಸಾಗರದ ಕಡೆಯಿಂದ ಕಾಡಿನ ದಾರಿಯಲ್ಲಿ ಬಂದು, ದಡದಲ್ಲಿ ಇಳಿದು, ಮೂಟೆಗಳೊಂದಿಗೆ ಹರಿಗೋಲಿನಲ್ಲಿ ಕುಳಿತು ಮನೆ ಸೇರುತ್ತಾರೆ. ಮೊಸಳೆಗಳಿರುವ ಹೊಳೆಯಾದ್ದರಿಂದ ಆ ಹರಿಗೋಲಿನಲ್ಲಿ ಯಾರೂ ಕೈಯನ್ನು ನೀರಿಗೆ ಬಿಡುವುದಿಲ್ಲ.

ಬೆಟ್ಟದ ಮೇಲಿನ ನಮ್ಮ ಬದುಕು ಇದಕ್ಕಿಂತ ಬೇರೆ. ಇಲ್ಲಿ ರಾಗಿ, ಮುಸುಕಿನ ಜೋಳ, ಕೋಸು, ಟೊಮೆಟೊ, ಕಬ್ಬು ಬೆಳೆಯುತ್ತೇವೆ. ಕಾಡಂಚಿನ ಹಾಡಿಗಳಲ್ಲಿ ಸೋಲಿಗರೂ ಊರಾಳಿಗಳೂ ಇದ್ದಾರೆ, ಸೋಲಿಗರ ನುಡಿಯಂತೂ ಕನ್ನಡದ ಹತ್ತಿರದ್ದೇ. ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ಹುಲಿಯ ಹೆಸರಿದ್ದರೂ ನಮ್ಮ ನಿದ್ದೆ ಕೆಡಿಸುವುದು ಆನೆಯೇ. ಜೋಳ ಹಾಲು ಕಟ್ಟುವ ಕಾಲಕ್ಕೆ ಪ್ರತಿ ಹೊಲದಲ್ಲಿಯೂ ಅಟ್ಟಣೆಯ ಮೇಲೆ ಒಬ್ಬರು ಬ್ಯಾಟರಿ ಹಿಡಿದು ಎಚ್ಚರವಾಗಿರಬೇಕು. ಹಾಸನೂರಿನ ಹತ್ತಿರ ಕಬ್ಬಿನ ಲಾರಿಗಾಗಿಯೇ ಕಾದು ನಿಲ್ಲುವ ಆನೆಗಳಿವೆ: ಮರಿಯೊಂದಿಗೆ ರಸ್ತೆಗೆ ಅಡ್ಡ ಬಂದು, ಹೇರಿನಿಂದ ಎರಡು ಜಲ್ಲೆ ಸೊಂಡಿಲಿನಲ್ಲಿ ಸೆಳೆದುಕೊಂಡು, ಸುಂಕ ವಸೂಲಿ ಮಾಡಿದವರ ಗಾಂಭೀರ್ಯದಲ್ಲಿ ಪಕ್ಕಕ್ಕೆ ಸರಿಯುತ್ತವೆ.

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದುದನ್ನು ಕಂಡವನಾಗಿ ನಾನು ಅದನ್ನು ತಪ್ಪೆನ್ನಲಾರೆ. ಆದರೆ ಸಂಜೆ ಕೊಯ್ದ ಟೊಮೆಟೊ ಬೆಳಗಾಗುವಷ್ಟರಲ್ಲಿ ಕೆಳಗಿನ ಮಾರುಕಟ್ಟೆಯಲ್ಲಿ ಇರಬೇಕಾದವನಿಗೆ, ಗೇಟು ತೆಗೆಯುವುದನ್ನು ಕಾಯುತ್ತಾ ನಿಂತ ಆ ರಾತ್ರಿ ಬಹಳ ಉದ್ದವಾಗಿರುತ್ತದೆ.

ಹೊರಗಿನವರಿಗೆ ನಮ್ಮ ಸೀಮೆ ಗೊತ್ತಿರುವುದು ಹೆಚ್ಚಾಗಿ ಡಾ. ರಾಜ್‌ಕುಮಾರ್ ಅವರಿಂದ, ಅದರಲ್ಲಿಯೂ 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಅವರನ್ನು ಅಪಹರಿಸಿದ ಘಟನೆಯಿಂದ. ಅವರು 108 ದಿನ ಯಾವ ಕಾಡಿನಲ್ಲಿ ಕಳೆದರು ಎಂದು ಕೇಳುವವರು ಇನ್ನೂ ಬರುತ್ತಾರೆ. ತಾವು ಬರುವುದಾದರೆ ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ ಬನ್ನಿ. ಆಗ ನಮ್ಮ ಉತ್ತರದ ಹಳ್ಳಗಳಲ್ಲಿ ನೀರಿರುತ್ತದೆ, ಚಾಮರಾಜನಗರದತ್ತ ಸುವರ್ಣಾವತಿಯ ಕಡೆಗೆ ಅದು ಇಳಿಯುವುದನ್ನು ಕಣ್ಣಾರೆ ನೋಡಬಹುದು.